ನೀರು ಕಾಣದ ಚಿತ್ರ

ಬೈಲಹೊಂಗಲದ ಅರಳೆ ಪೇಟೆಯಲ್ಲಿ ಒಂದು ಅಡತಿ ಅಂಗಡಿಯ ಮೇಲಿನ ಅಟ್ಟದಲ್ಲಿ ನಮ್ಮ ಚಿತ್ರಕಲಾ ಶಾಲೆ ನಡೆಯುತ್ತಿತ್ತು. ಕೆಳಗೆ ಅರಳೆ ತೂಗುವವರ ಕೂಗಾಟ, ಮೇಲೆ ಬೋರ್ಡು ಪಿನ್ನು ಹಿಡಿದು ಕೂತ ನಾವು ಹತ್ತಾರು ಮಂದಿ. ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ಪರೀಕ್ಷೆ ಪಾಸಾದರೆ ಯಾವುದಾದರೂ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ ಕೆಲಸ ಸಿಕ್ಕೀತು ಎಂಬ ಆಸೆಯ ಮೇಲೆ ಸುತ್ತಲಿನ ಊರುಗಳಿಂದ ಹುಡುಗರು ಬಸ್ಸು ಹತ್ತಿ ಬರುತ್ತಿದ್ದರು. ಹುಡುಗಿಯರೆಂದರೆ ನಾವಿಬ್ಬರೇ, ನಾನು ಮತ್ತು ನನ್ನ ಗೆಳತಿ. ಅವಳ ತಂದೆಗೆ ಪೇಟೆಯಲ್ಲೇ ಬಟ್ಟೆ ಅಂಗಡಿ ಇತ್ತು. ನನ್ನ ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್.

ಶಾಲೆಯಲ್ಲಿ ನನ್ನ ಬಗ್ಗೆ ಎಲ್ಲರಿಗೂ ಗೊತ್ತಿದ್ದದ್ದು ಅಷ್ಟೇ, ಡಿಪೋ ಮೆಕ್ಯಾನಿಕ್‌ರ ಮಗಳು ಎಂದು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಬೌದ್ಧ ಧರ್ಮ ಸ್ವೀಕರಿಸಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಅದನ್ನು ನೋಡುವಷ್ಟು ಹತ್ತಿರ ಶಾಲೆಯವರು ಯಾರೂ ಬಂದಿರಲಿಲ್ಲ, ನಾನೂ ಕರೆದಿರಲಿಲ್ಲ. ಗೆಳತಿ ಮಾತ್ರ ನನ್ನನ್ನು ಮೇಲಿಂದ ಮೇಲೆ ತನ್ನ ಮನೆಗೆ ಎಳೆದುಕೊಂಡು ಹೋಗುತ್ತಿದ್ದಳು. ಅವರ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಕುಳಿತು ಅವಳ ತಾಯಿ ಬಡಿದ ಬಿಸಿ ರೊಟ್ಟಿ ತಿನ್ನುವಾಗೆಲ್ಲ ನನಗೆ ಒಂದೇ ಯೋಚನೆ. ಇವರು ಕೇಳಿಲ್ಲ, ನಾನು ಹೇಳಿಲ್ಲ. ಒಂದು ದಿನ ಕೇಳಿದರೆ?

ನಮ್ಮ ಮಾಸ್ತರು ಮುಂಬಯಿಯಲ್ಲಿ ಕಲಿತು ಬಂದವರು. ತೆಳ್ಳನೆಯ ಮನುಷ್ಯ, ಹೊಗಳುವುದೆಂದರೆ ಕಷ್ಟ. ಒಂದು ಸೋಮವಾರ ಅವರು ಹೊಸ ಕೆಲಸ ಕೊಟ್ಟರು.

"ಈ ಸಲ ಬರೇ ಬಣ್ಣ ಬ್ಯಾಡ. ಅರಿವಿ, ಮಣ್ಣು, ಹಗ್ಗ, ತಗಡು, ಕೈಗೆ ಏನು ಸಿಗತೈತಿ ಅದನ್ನ ಹಚ್ಚರಿ. ಅಂಗಡ್ಯಾಗ ಹೋಗಿ ಖರೀದಿ ಮಾಡಬ್ಯಾಡ್ರಿ. ವಿಷಯ ನೀರು. ಮಾಡಿ ಮುಗಿಸಿದ ಮ್ಯಾಲ ಗ್ವಾಡಿಗೆ ತೂಗು ಹಾಕೋದು. ತೂಗು ಹಾಕಿದ ಮ್ಯಾಲ ಮಾಡಿದವರ ಬಾಯಿ ಬಂದ್. ಉಳಿದವರು ಮಾತಾಡಬೇಕು. ನಾ ಕಡೀಕ ಮಾತಾಡತೇನಿ."

ಚಲೋ ಆದವುಗಳನ್ನು ಸವದತ್ತಿಯ ಒಂದು ಹೈಸ್ಕೂಲಿನ ಹಾಲಿನಲ್ಲಿ ಪ್ರದರ್ಶನಕ್ಕೆ ಇಡುವುದಾಗಿಯೂ ಹೇಳಿದರು. ನಮ್ಮಲ್ಲಿ ಯಾರ ಚಿತ್ರವೂ ಅದುವರೆಗೆ ಆ ಅಟ್ಟ ಇಳಿದಿರಲಿಲ್ಲ.

ನಾನು ಮೊದಲು ಮಾಡಿದ್ದು ಮಲಪ್ರಭಾ ನದಿ. ನೀಲಿ ಕಾಗದ ಹರಿದು ಅಂಟಿಸಿ, ಅಡತಿ ಅಂಗಡಿಯ ಅರಳೆಯಿಂದ ನೊರೆ ಮಾಡಿದ್ದೆ. ನನಗೆ ಅದು ಚೆಂದವೇ ಕಂಡಿತ್ತು. ಗೆಳತಿಗೆ ತೋರಿಸಿದೆ. ಅವಳು ತಲೆ ಓರೆ ಮಾಡಿ ನೋಡಿದಳು.

"ಸಿಟ್ಟಾಗಬ್ಯಾಡ. ಇದು ಕ್ಯಾಲೆಂಡರ್ ಆಗೇತಿ."

"ಅಂದ್ರ?"

"ನೀ ಈ ನದ್ಯಾಗ ಒಂದಿನಾನೂ ಕಾಲು ಇಟ್ಟಿಲ್ಲ ಅನಸತೈತಿ."

ಅವಳು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಆ ಶನಿವಾರ ನಾನು ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ನೋಡಲು ರಾಮದುರ್ಗದ ಕಡೆಯ ನಮ್ಮ ಹಳ್ಳಿಗೆ ಹೋದೆ. ಆ ಹಳ್ಳಿಗೆ ಹೋಗುವುದೆಂದರೆ ನನಗೆ ಯಾವಾಗಲೂ ಒಂದು ಅಳುಕು. ನಮ್ಮ ಶಾಲೆಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಅದೇ ಊರಿನವನು. ಊರಿನ ದೊಡ್ಡ ಹೊಲಮನೆಯವರ ಮಗ. ಬೈಲಹೊಂಗಲದಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಓದುತ್ತಿದ್ದ. ತನ್ನ ಊರಿನ ಬಗ್ಗೆ ಅವನು ಮಾತಾಡುವಾಗ ನಾನು ಆ ಹೆಸರನ್ನೇ ಕೇಳದವಳಂತೆ ಪೆನ್ಸಿಲ್ ಚೂಪು ಮಾಡುತ್ತ ಕೂರುತ್ತಿದ್ದೆ. ಅವನು ಊರಿಗೆ ಹೋಗುವ ವಾರ ನಾನು ಹೋಗುತ್ತಿರಲಿಲ್ಲ. ಆ ಸಲ ಅವನು ಚಿತ್ರ ಮುಗಿಸಲು ಬೈಲಹೊಂಗಲದಲ್ಲೇ ಉಳಿಯುತ್ತಾನೆ ಅಂದುಕೊಂಡಿದ್ದೆ.

ರವಿವಾರ ಮುಂಜಾನೆ ಆಯಿ ಕೊಡ ತೆಗೆದುಕೊಂಡಳು. ನಾನೂ ಒಂದು ಕೊಡ ಹಿಡಿದು ಹಿಂದೆ ಹೋದೆ. ಊರಿನ ಸಿಹಿನೀರಿನ ಬಾವಿ ಆ ಹುಡುಗನ ಮನೆಯವರದೇ. ಬಾವಿಗೆ ಎತ್ತರದ ಕಲ್ಲಿನ ಕಟ್ಟೆ. ಕಟ್ಟೆಯಿಂದ ದೂರಕ್ಕೆ ನೆಲದಲ್ಲಿ ಒಂದು ಹಾಸುಗಲ್ಲು. ನಮ್ಮ ಓಣಿಯ ಹೆಂಗಸರು ಆ ಕಲ್ಲಿನ ಮೇಲೆ ನಿಲ್ಲಬೇಕು. ಮೇಲೆ ನೀರು ಸೇದುವವರಲ್ಲಿ ಯಾರಿಗಾದರೂ ಮನಸ್ಸು ಬಂದಾಗ ಇಳಿದು ಬಂದು, ಕೊಡ ಕೊಡಕ್ಕೆ ತಾಗದಂತೆ ಎತ್ತರದಿಂದ ಸುರಿಯುತ್ತಿದ್ದರು. ಆಯಿ ಹುಟ್ಟುವ ಮೊದಲಿನಿಂದ ಅದು ಹಾಗೆಯೇ ಇತ್ತು. ಅಪ್ಪ ಬೈಲಹೊಂಗಲಕ್ಕೆ ಬಾ ಎಂದು ಎಷ್ಟು ಕರೆದರೂ ಆಯಿ ತನ್ನ ಓಣಿ ಬಿಟ್ಟು ಬಂದಿರಲಿಲ್ಲ.

ನಾವು ಕಲ್ಲಿನ ಮೇಲೆ ನಿಂತಾಗ ನಾನು ತಲೆ ಎತ್ತಿ ನೋಡಿದೆ. ಬಾವಿಯ ಕಟ್ಟೆಯ ಮೇಲೆ ಅವನು ಕುಳಿತಿದ್ದ. ತೊಡೆಯ ಮೇಲೆ ಡ್ರಾಯಿಂಗ್ ಬೋರ್ಡು. ಬಗ್ಗಿ ಬಗ್ಗಿ ಬಾವಿಯೊಳಗೆ ನೋಡುವುದು, ಕಾಗದದ ಮೇಲೆ ಗೆರೆ ಎಳೆಯುವುದು. ಪಕ್ಕದಲ್ಲಿ ಅವನ ತಾಯಿ ನೀರು ಸೇದುತ್ತಿದ್ದರು.

ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಆದರೆ ಅಷ್ಟರಲ್ಲಿ ಅವನು ಕತ್ತೆತ್ತಿದ. ನನ್ನನ್ನು ನೋಡಿದ. ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ನನ್ನನ್ನು ಮಾತಾಡಿಸುತ್ತಾನೆ ಎಂದು ಒಂದು ಕ್ಷಣ ಅನ್ನಿಸಿತು. ಅವನು ತಾಯಿಯ ಕಡೆ ನೋಡಿದ, ನಾನು ನಿಂತ ಕಲ್ಲಿನ ಕಡೆ ನೋಡಿದ, ಮತ್ತೆ ಬಾವಿಯೊಳಕ್ಕೆ ಬಗ್ಗಿದ.

ಅವನ ತಾಯಿ ಇಳಿದು ಬಂದು ಆಯಿಯ ಕೊಡಕ್ಕೆ ಸುರಿದರು. ಒರಟಾಗಿ ಅಲ್ಲ. "ಈಕಿ ಯಾರಽ ಮುದುಕಿ?" ಎಂದು ಕೇಳಿದರು.

"ಮೊಮ್ಮಗಳ್ರೀ ಯವ್ವಾ. ಹೊಂಗಲದಾಗ ಚಿತ್ರಾ ಕಲೀತಾಳ."

"ಹೌದನ? ನಮ್ಮವನೂ ಅದನ್ನ ಕಲೀತಾನ," ಎಂದು ಅವರು ಮಗನತ್ತ ತಿರುಗಿ ನಕ್ಕರು. ಅವನು ತಲೆ ಎತ್ತಲಿಲ್ಲ. ನನ್ನ ಕೊಡ ತುಂಬುವಾಗ ಅರ್ಧ ನೀರು ನನ್ನ ಸೀರೆಯ ಮೇಲೆ ಚೆಲ್ಲಿತು.

ಮನೆಗೆ ಬರುವಾಗ, "ಆಯಿ, ನೀ ಆ ಬಾವಿ ಒಳಗ ಎಂದಾದ್ರೂ ನೋಡೀದಿ?" ಎಂದು ಕೇಳಿದೆ. ಆಯಿ ಕೊಡವನ್ನು ಟೊಂಕದ ಮೇಲೆ ಸರಿಪಡಿಸಿಕೊಂಡಳು. "ಒಳಗ ನೋಡಿ ಏನ ಮಾಡೋದೈತಿ? ನೀರು ನೀರಿನಂಗನ ಇರತೈತಿ," ಅಂದಳು. ಆಮೇಲೆ ಸ್ವಲ್ಪ ದೂರ ನಡೆದು, "ಇಲ್ಲವ್ವಾ. ನೋಡಿಲ್ಲ," ಅಂದಳು.

ಸೋಮವಾರ ನಾನು ಶಾಲೆಗೆ ಹೋದದ್ದು ಇವತ್ತು ಎಲ್ಲರಿಗೂ ಗೊತ್ತಾಗಿರುತ್ತದೆ ಎಂಬ ಲೆಕ್ಕದಲ್ಲಿ. ಮೆಟ್ಟಿಲು ಹತ್ತುವಾಗ ಮೇಲಿನ ನಗು ಕೇಳಿ ಕಾಲು ನಿಂತಿತು. ನಗು ಬೇರೆ ಯಾವುದಕ್ಕೋ. ಅವನು ತನ್ನ ಜಾಗದಲ್ಲಿ ಕುಳಿತಿದ್ದ, ನನ್ನತ್ತ ನೋಡಲಿಲ್ಲ. ಅಟ್ಟದ ಮೂಲೆಯಲ್ಲಿ ಎಲ್ಲರಿಗೂ ಒಂದೇ ಕುಡಿಯುವ ನೀರಿನ ಹರವಿ, ಒಂದೇ ಗ್ಲಾಸು. ಮಧ್ಯಾಹ್ನ ನಾನು ನೀರು ಕುಡಿಯಲು ಬಗ್ಗಿದಾಗ ಹಿಂದೆ ಅವನು ಬಂದು ನಿಂತದ್ದು ತಿಳಿಯಿತು. ಗ್ಲಾಸು ತುಂಬಿಕೊಂಡೆ, ಕುಡಿಯಲಾಗಲಿಲ್ಲ.

"ಕುಡೀರಿ," ಎಂದ ಅವನು.

ಕುಡಿದು ಗ್ಲಾಸು ಇಟ್ಟೆ. ಅವನು ಅದನ್ನೇ ತೆಗೆದುಕೊಂಡು, ತೊಳೆಯದೆ, ಹರವಿಯಲ್ಲಿ ಅದ್ದಿ ಕುಡಿದು ಹೋದ. ಅದು ಕರುಣೆಯೋ, ಸವಾಲೋ, ಬರೀ ಬಾಯಾರಿಕೆಯೋ ನನಗೆ ತಿಳಿಯಲಿಲ್ಲ. ಅವನು ಯಾರಿಗಾದರೂ ಹೇಳಿದ್ದಾನೆಯೇ ಎಂಬುದೂ ತಿಳಿಯಲಿಲ್ಲ. ಗೆಳತಿ ಎಂದಿನಂತೆ ನನ್ನ ಹೆಗಲ ಮೇಲೆ ಕೈ ಹಾಕುತ್ತಿದ್ದಳು. ಇವಳಿಗೆ ಇನ್ನೂ ಗೊತ್ತಿಲ್ಲ, ಇವಳಿಗೆ ಇನ್ನೂ ಗೊತ್ತಿಲ್ಲ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು.

ಸಂಜೆ ಮನೆಗೆ ಬಂದು ಮಲಪ್ರಭೆಯನ್ನು ಮೂಲೆಗಿಟ್ಟೆ. ಡಿಪೋದಿಂದ ಅಪ್ಪ ತಂದಿದ್ದ ಹರಿದ ಟ್ಯೂಬು ಮನೆಯಲ್ಲಿ ಬಿದ್ದಿತ್ತು. ಒಂದು ಗೋಣಿತಟ್ಟನ್ನು ಹಲಗೆಗೆ ಬಿಗಿದು, ಅದರ ಮೇಲೆ ಸುಣ್ಣ ಮತ್ತು ಎರೆಮಣ್ಣು ಕಲಸಿ ಮೆತ್ತಿದೆ. ಮೇಲೆ ಕಲ್ಲಿನ ಕಟ್ಟೆ. ಕಟ್ಟೆಯ ಅಂಚಿನಿಂದ ಬಳೆ ತೊಟ್ಟ ಎರಡು ಕೈ, ಆ ಕೈಯಲ್ಲಿ ಟ್ಯೂಬಿನ ರಬ್ಬರು ಕತ್ತರಿಸಿ ಮಾಡಿದ ಕಪ್ಪು ಬಕೆಟ್ಟು. ಬಳೆಗೆ ನಿಜವಾದ ಬಳೆಚೂರು. ಕೆಳಗೆ, ದೂರದಲ್ಲಿ, ಹಾಸುಗಲ್ಲು. ಅದರ ಮೇಲೆ ಕೊಡ ಹಿಡಿದು ನಿಂತವರು. ಅವರಿಗೆ ಆಯಿಯ ಹಳೆಯ ಸೀರೆಯ ಅಂಚು ಹರಿದು ಅಂಟಿಸಿದೆ. ನಡುವೆ ಬರಿಯ ಮಣ್ಣು. ನೀರಿಗೆ ನೀಲಿ ಹಚ್ಚೋಣ ಎಂದು ಕುಂಚ ಎತ್ತಿದವಳಿಗೆ, ನಾನು ನಿಂತ ಜಾಗದಿಂದ ನೀರು ಕಂಡೇ ಇರಲಿಲ್ಲ ಎಂದು ಹೊಳೆಯಿತು. ಕುಂಚ ಕೆಳಗಿಟ್ಟೆ.

ಅಪ್ಪ ಕೆಲಸದಿಂದ ಬಂದವರು ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಅದರ ಎದುರು ನಿಂತರು. 

"ಇದನ್ನ ಸಾಲ್ಯಾಗ ಹಚ್ಚಾಕಿ ಏನು?"

"ಇನ್ನೂ ಗೊತ್ತಿಲ್ಲಪ್ಪಾ. ನದೀದೂ ಒಂದು ಐತಿ."

"ಇದನ್ನ ಹಚ್ಚಿದ್ರ ನೀ ಯಾರಂತ ಹೇಳಿದಂಗ ಆಗತೈತಿ."

"ಹೂಂ."

"ನಾ ಹಚ್ಚಬ್ಯಾಡ ಅನ್ನಂಗಿಲ್ಲ. ಹಚ್ಚು ಅಂತನೂ ಅನ್ನಂಗಿಲ್ಲ. ಆದ್ರ ಹಚ್ಚಿದ ಮ್ಯಾಲ ಅಲ್ಲೆ ನಿಂತ ಅಳಬ್ಯಾಡ."

ತೂಗು ಹಾಕುವ ದಿನ ನಾನು ಎರಡನ್ನೂ ಹಾಸಿಗೆ ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಕೊನೆಯ ಗಳಿಗೆಯವರೆಗೆ ಯಾವುದನ್ನು ಕೊಡಬೇಕೆಂದು ನಿರ್ಧಾರವಾಗಿರಲಿಲ್ಲ. ಮಾಸ್ತರು ಒಬ್ಬೊಬ್ಬರಿಂದ ಇಸಿದುಕೊಂಡು ಮೊಳೆಗೆ ಹಾಕುತ್ತ ಬಂದರು. ಆ ಹುಡುಗನ ಚಿತ್ರ ಗೋಡೆಗೆ ಏರಿತು. 

ಬಾವಿಯನ್ನು ಮೇಲಿನಿಂದ ಬಗ್ಗಿ ನೋಡಿದಂತೆ ಮಾಡಿದ್ದ. ಸುತ್ತ ಸಣ್ಣ ಸಣ್ಣ ನಿಜವಾದ ಕಲ್ಲಿನ ಚಕ್ಕೆ, ಬಿರುಕುಗಳಲ್ಲಿ ಒಣಗಿಸಿದ ಹುಲ್ಲು, ಪಾರಿವಾಳದ ಗರಿ. ಆಳದಲ್ಲಿ ಕನ್ನಡಿಯ ಚೂರುಗಳ ಮೇಲೆ ತೆಳುವಾಗಿ ಹಸಿರು ನೀಲಿ. ಎದುರು ನಿಂತವರ ಮುಖ ಆ ನೀರಿನಲ್ಲಿ ಒಡೆದು ಕಾಣುತ್ತಿತ್ತು. ಅಷ್ಟು ಚೆಂದದ ಕೆಲಸ ನಮ್ಮ ಅಟ್ಟದಲ್ಲಿ ಅದುವರೆಗೆ ಆಗಿರಲಿಲ್ಲ. ಆಯಿ ಮುದುಕಿಯಾಗುವವರೆಗೂ ನೋಡದಿದ್ದ ನೀರು ಅದು. ನನ್ನ ಕೈ ತಾನಾಗಿ ಗೋಣಿತಟ್ಟಿನ ಕಡೆ ಹೋಯಿತು.

ಮಾಸ್ತರು ಅದನ್ನು ಇಸಿದುಕೊಂಡು ನೋಡಿದರು. ನನ್ನನ್ನು ನೋಡಿದರು. ಅವನ ಚಿತ್ರವನ್ನು ನೋಡಿದರು. ಅದರ ಪಕ್ಕದ ಮೊಳೆಗೆ ಹಾಕಿಬಿಟ್ಟರು.

ಮಾತು ಶುರುವಾಯಿತು. ನೇಸರಗಿಯ ಕಡೆಯಿಂದ ಬರುತ್ತಿದ್ದ ಒಬ್ಬ ತಗಡು ಕತ್ತರಿಸಿ ಮಳೆ ಮಾಡಿದ್ದ. "ಇದು ಮಳಿ ಅಲ್ಲೋ, ಸೂಜಿ ಅಂಗಡಿ," ಎಂದು ಯಾರೋ ಅಂದು ಎಲ್ಲರೂ ನಕ್ಕರು. ಅವನು ಹಲ್ಲು ಕಚ್ಚಿಕೊಂಡು ಸುಮ್ಮನಿರಬೇಕಾಯಿತು. ಬಾವಿಯ ಕನ್ನಡಿಯನ್ನು ಎಲ್ಲರೂ ಹೊಗಳಿದರು. ಆಮೇಲೆ ನನ್ನದರ ಸರದಿ.

ತಗಡಿನ ಮಳೆಯವನಿಗೆ ಸೇಡು ತೀರಿಸಿಕೊಳ್ಳಲು ಯಾರಾದರೂ ಬೇಕಿತ್ತು. "ವಿಷಯ ನೀರು. ಇದ್ರಾಗ ನೀರು ಎಲ್ಲೈತಿ? ಹುಡಿಕ್ಯಾಡಿದ್ರೂ ಒಂದು ಹನಿ ಸಿಗವಲ್ದು," ಅಂದ.

ನಾನು ತುಟಿ ಬಿಗಿದೆ. ನಿಯಮ ನಿಯಮವೇ.

ಗೆಳತಿ ಎದ್ದು ಹತ್ತಿರ ಹೋಗಿ ನೋಡಿದಳು. ಅವಳು ನನ್ನ ಕಡೆಗೆ ನಿಲ್ಲಬೇಕೆಂದೇ ಮಾತಾಡಿದಳು, ಅದು ನನಗೆ ಗೊತ್ತು. "ಕೈ ಭಾಳ ಚಲೋ ಬಂದಾವ್ರಿ ಸರ. ರಬ್ಬರ್ ಬಕೇಟ್ ಅಂತೂ ಮುಟ್ಟಬೇಕು ಅನಸತೈತಿ. ಆದ್ರ ಕೆಳಗಿನ ಮಂದಿ ಅಷ್ಟು ದೂರ ಯಾಕ ನಿಂತಾರ? ನಡುವ ಜಾಗಾ ಖಾಲಿ ಬಿದ್ದೈತಿ. ಇವರನ್ನ ಇಷ್ಟು ಕಟ್ಟಿ ಹತ್ತರ ಸರಿಸಿದ್ರ ಚಿತ್ರಾ ಕೂಡತಿತ್ತು."

ಇಬ್ಬರು ಮೂವರು ಹೌದು ಹೌದು ಎಂದರು. ನನಗೆ ಕೆಳಗಿನ ಅಂಗಡಿಯಲ್ಲಿ ಯಾರೋ ತೂಕ ಕೂಗುತ್ತಿದ್ದ ದನಿ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮಾಸ್ತರು ಆ ಹುಡುಗನತ್ತ ತಿರುಗಿದರು. "ನೀ ಏನಂತೀಪಾ? ನೀ ಏನೂ ಅನ್ನಲಿಲ್ಲ."

ಅವನು ಕುಳಿತಲ್ಲೇ ಇದ್ದ. ಉಗುರಿಗೆ ಮೆತ್ತಿದ ಸರೇಸಿನ ಅಂಟು ಕೆರೆಯುತ್ತಿದ್ದ. ಈಗ ಹೇಳುತ್ತಾನೆ, ನಾನು ಯಾರೆಂದು ಹೇಳುತ್ತಾನೆ ಎಂದು ನಾನು ಕಾದೆ.

"ಹತ್ತರ ಸರಸಾಕ ಬರಂಗಿಲ್ರಿ ಸರ," ಎಂದ.

"ಯಾಕ?"

"ಅವರು ಅಲ್ಲೇ ನಿಂದ್ರಬೇಕು." ಅವನ ದನಿ ತಗ್ಗಿತ್ತು. "ಅದು ನಮ್ಮ ಬಾವಿರಿ. ನಂದೂ ಅದನ್ನ. ನಾ ಮ್ಯಾಲ ಕುಂತು ತಗದೇನಿ. ಇವರು ಆ ಕಲ್ಲಿನ ಮ್ಯಾಲ ನಿಂತು ತಗದಾರ. ಅಲ್ಲಿಂದ ನೀರು ಕಾಣಂಗಿಲ್ಲ."

ಒಬ್ಬೊಬ್ಬರಿಗೆ ಒಂದೊಂದು ಗಳಿಗೆಯಲ್ಲಿ ಅರ್ಥವಾಗುತ್ತ ಹೋದದ್ದನ್ನು ನಾನು ಮುಖಗಳ ಮೇಲೆ ಕಂಡೆ. ಒಬ್ಬನ ಕಣ್ಣು ನೇರ ಮೂಲೆಯ ಹರವಿಗೆ ಹೋಗಿ ಬಂತು. ಗೆಳತಿ ಚಿತ್ರದ ಮುಂದೆಯೇ ನಿಂತಿದ್ದಳು, ಬೆನ್ನು ನನಗೆ. ಅವಳು ತಿರುಗಲಿಲ್ಲ. ನಾನು ಅಪ್ಪ ಹೇಳಿದ ಮಾತನ್ನು ಹಿಡಿದುಕೊಂಡು, ಕುರ್ಚಿಯ ಅಂಚನ್ನು ಹಿಡಿದುಕೊಂಡು ಕುಳಿತೆ.

ಮಾಸ್ತರು ನನ್ನನ್ನು ಸಂತೈಸುತ್ತಾರೆ ಎಂದುಕೊಂಡಿದ್ದೆ. ಅವರು ಚಿತ್ರದ ಹತ್ತಿರ ಹೋಗಿ ಸೀರೆಯ ಅಂಚನ್ನು ಬೆರಳಿನಿಂದ ಎತ್ತಿದರು. "ಇದನ್ನ ತಗಿ. ಮಂದಿ ಮರಗಲಿ ಅಂತ ಹಚ್ಚೀದಿ. ಈ ಖಾಲಿ ಜಾಗಾ ಐತಲ್ಲ, ಅದು ಇನ್ನೂ ದೊಡ್ಡದು ಆಗಬೇಕು. ಅಲ್ಲಿ ಅಂಜೀದಿ." ಆಮೇಲೆ ಅವನ ಕಡೆ ತಿರುಗಿ, "ನಿನ್ನ ಬಾವ್ಯಾಗ ಹಗ್ಗ ಹಿಡದ ಕೈ ಒಂದೂ ಇಲ್ಲ. ನೀರು ತಾನಽ ಎದ್ದು ಮ್ಯಾಲ ಬರತೈತೇನು? ಎರಡೂ ಸವದತ್ತಿಗೆ ಹೋಗತಾವ. ಮಗ್ಗಲಕ ಮಗ್ಗಲ. ಒಂದಽ ಹೋಗಂಗಿಲ್ಲ."

ನನಗೆ ಮಾಸ್ತರ ಮೇಲೆ ಸಿಟ್ಟು ಬಂತು. ಇಷ್ಟೆಲ್ಲ ಆದ ಮೇಲೂ ಇವರಿಗೆ ಸೀರೆಯ ಅಂಚು ಕಾಣುತ್ತದೆಯೇ ಎಂದು.  ಮರುದಿನ ಅಂಚು ಕಿತ್ತು ನೋಡಿದೆ. ಅವರು ಹೇಳಿದ್ದು ಸರಿಯಾಗಿತ್ತು.

ಚಿತ್ರ ತೂಗು ಹಾಕಿದ ಆ ದಿನ ಶಾಲೆ ಬಿಟ್ಟಾಗ ಮೆಟ್ಟಿಲ ಬುಡದಲ್ಲಿ ಅವನು ಕಾಯುತ್ತಿದ್ದ. ಅದುವರೆಗೆ ಅವನು ನನಗೆ ನೀವು ಎನ್ನುತ್ತಿದ್ದ.

"ನಮ್ಮ ಅವ್ವನ ಕೈ ಗ್ವಾಡಿಗೆ ತೂಗು ಹಾಕೀದಿ ನೀ."

"ನಾ ಯಾರ ಹೆಸರೂ ಹೇಳಿರಲಿಲ್ರಿ. ಹೇಳಿದವರು ನೀವು."

"ಹೇಳದಽ ಇದ್ರ ಅವರು ನೀರು ಎಲ್ಲೈತಿ ಅಂತ ಕೇಳಕೋತ ಕುಂದರತಿದ್ರು." ಅವನ ಮುಖ ಕೆಂಪಾಗಿತ್ತು. "ನಮ್ಮ ಅವ್ವ ಕೆಟ್ಟಾಕಿ ಅಲ್ಲ."

"ಕೆಟ್ಟವರು ಅಂತ ನಾ ಎಲ್ಲಿ ಅಂದೇನಿ?"

ಅವನು ಸೈಕಲ್ಲು ತೆಗೆದುಕೊಂಡು ಹೊರಟ. ಸವದತ್ತಿಗೆ ತನ್ನ ಚಿತ್ರ ಕಳಿಸುವುದಿಲ್ಲ ಎಂದು ಮರುದಿನ ಮಾಸ್ತರಿಗೆ ಹೇಳಿದನಂತೆ. ಹಾಗಾದರೆ ಎರಡೂ ಇಲ್ಲ ಎಂದರಂತೆ ಮಾಸ್ತರು.

ಪ್ರದರ್ಶನದ ದಿನ ಸವದತ್ತಿಯ ಆ ಹಾಲಿನಲ್ಲಿ ಅವನ ಚಿತ್ರವೂ ಬಂದೀತೆಂದು ಮಾಸ್ತರು ತರಿಸಿದ್ದ ನನ್ನ ಗೋಣಿತಟ್ಟು ಗೋಡೆಗೆ ಒರಗಿ ನೆಲದ ಮೇಲೆ ನಿಂತಿತ್ತು. ಮೇಲಿನ ಎರಡು ಮೊಳೆಗಳೂ ಖಾಲಿ. ಜನ ಬರತೊಡಗಿದರು. ಅಪ್ಪ ರಜೆ ಹಾಕದೆ, ಖಾಕಿಯಲ್ಲೇ, ಒಂದು ಬಸ್ಸಿನ ಜೊತೆ ಬಂದಿದ್ದರು. ಇನ್ನು ಚಿತ್ರ ಸುತ್ತಿಡು ಎಂದು ಮಾಸ್ತರು ಹೇಳುವ ಹೊತ್ತಿಗೆ ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಕಂಬಳಿಯಲ್ಲಿ ಸುತ್ತಿದ ಹಲಗೆ ಎದೆಗೆ ಅವುಚಿಕೊಂಡಿದ್ದ. ಯಾರನ್ನೂ ಮಾತಾಡಿಸದೆ ಮೊಳೆಗೆ ಹಾಕಿದ. ಮಾಸ್ತರು ನನ್ನದನ್ನು ಎತ್ತಿ ಪಕ್ಕಕ್ಕೆ ಹಾಕಿದರು.

ಮಧ್ಯಾಹ್ನ ಅವನ ಕಾಕಾ ಬಂದರು. ಸವದತ್ತಿಯ ಪೇಟೆಯಲ್ಲೇ ವ್ಯಾಪಾರ ಅವರದು. ಕನ್ನಡಿಯ ಮುಂದೆ ನಿಂತು ಖುಷಿಯಾಗಿ ನಕ್ಕರು. "ಇದು ನಮ್ಮ ಬಾವಿ ಅಲ್ಲೇನೋ! ಕಲ್ಲೂ ಬಿಟ್ಟಿಲ್ಲಲೇ ನೀ." ಆಮೇಲೆ ಕಣ್ಣು ಪಕ್ಕಕ್ಕೆ ಸರಿಯಿತು. ನಗು ನಿಂತಿತು.

"ಇದು ಯಾವುದು?"

"ಅದೂ ನಮ್ಮ ಬಾವಿನ, ಕಾಕಾ."

"ಯಾರು ಮಾಡ್ಯಾರ?"

"ಇವರು. ನನ್ನ ಜೋಡಿ ಕಲೀತಾರ."

ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಯಾರ ಪೈಕಿ ನೀ?" ಹಿಂದಿನಿಂದ ಅಪ್ಪನ ದನಿ ಬಂತು. "ನನ್ನ ಮಗಳ್ರಿ. ನಿಮ್ಮೂರ ಕೆಳಗಿನ ಓಣ್ಯಾವ್ರು ನಾವು." ಅಪ್ಪ ಕೈ ಮುಗಿಯಲೂ ಇಲ್ಲ, ದನಿ ಏರಿಸಲೂ ಇಲ್ಲ. ಕಾಕಾ ಅಪ್ಪನ ಖಾಕಿ ನೋಡಿದರು, ಸುತ್ತ ನಿಂತ ಮಂದಿಯನ್ನು ನೋಡಿದರು. ಟೊಪ್ಪಿಗೆ ಸರಿಪಡಿಸಿಕೊಂಡು, ಅಣ್ಣನ ಮಗನ ಕಡೆ ಕಣ್ಣೂ ಹಾಯಿಸದೆ ಹೊರಗೆ ನಡೆದರು.

ಅಪ್ಪ ನನ್ನ ಚಿತ್ರವನ್ನು ಮತ್ತೆ ನೋಡಲಿಲ್ಲ. ಅವನ ಬಾವಿಯ ಮುಂದೆ ಹೋಗಿ ನಿಂತರು. ಆ ನೀರು ಕುಡಿದೇ ಬೆಳೆದವರು ಅವರು. ಕುತ್ತಿಗೆ ಮುಂದೆ ಚಾಚಿ, ಕನ್ನಡಿಯಲ್ಲಿ ತಮ್ಮ ಮುಖ ಕಂಡಾಗ ಸ್ವಲ್ಪ ಹಿಂದೆ ಸರಿದು, ಮತ್ತೆ ಬಗ್ಗಿದರು. "ಭಾಳ ಆಳ ಐತಲ್ಲ," ಎಂದು ಅವನನ್ನು ಕೇಳಿದರು. "ಹೌದ್ರಿ. ಬ್ಯಾಸಗ್ಯಾಗೂ ಬತ್ತಂಗಿಲ್ಲ," ಎಂದ ಅವನು, ಅಪ್ಪನ ಮುಖ ನೋಡದೆ.

ಗೆಳತಿ ಆ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಸವದತ್ತಿಯಿಂದ ಮರಳುವ ಬಸ್ಸಿನಲ್ಲಿ ಬಂದು ನನ್ನ ಪಕ್ಕ ಕುಳಿತಳು.

"ನಂಗ ಮೊದಲಽ ಯಾಕ ಹೇಳಲಿಲ್ಲ?"

"ಹೇಳಿದ್ರ ಅಡಗಿಮನಿಗೆ ಕರೀತಿದ್ದ್ಯಾ?"

ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. "ನಾ ಕರೀತಿದ್ದೆ. ಅವ್ವನ್ನ ಕೇಳಬ್ಯಾಡ," ಅಂದಳು. ಅವಳ ತಾಯಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮುಂದೆ ಒಮ್ಮೆ ಅವಳು ಒತ್ತಾಯಿಸಿ ಕರೆದುಕೊಂಡು ಹೋದಾಗ ಚಹಾ ಮನೆಯ ಹೊರಗಿನ ಕಟ್ಟೆಯ ಮೇಲೆ ಬಂತು. ಗೆಳತಿ ಒಳಗೆ ಹೋಗಿ ತನ್ನ ಚಹಾದ ಬಸಿಯನ್ನೂ ತಂದು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಒಳಗಿನಿಂದ ತಾಯಿ ಎರಡು ಸಲ ಕೂಗಿದರೂ ಏಳಲಿಲ್ಲ. ಆ ಚಹಾ ನನಗೆ ರುಚಿಸಲಿಲ್ಲ, ಅವಳಿಗೂ ರುಚಿಸಿರಲಾರದು. ಆದರೆ ಇಬ್ಬರೂ ಕುಡಿದು ಮುಗಿಸಿದೆವು.

ಆ ಹುಡುಗನನ್ನು ಮನೆಯವರು ಊರಿಗೆ ಕರೆಸಿಕೊಂಡರು. ಅವನ ಜಾಗ ಖಾಲಿ ಉಳಿಯಿತು. ಇನ್ನು ಬರುವುದಿಲ್ಲ, ಓದು ಬಿಡಿಸಿದ್ದಾರೆ ಎಂಬ ಮಾತೂ ಹಬ್ಬಿತು. ನನ್ನಿಂದಾಗಿಯೇ ಎಂದು ಕೆಲವರು ನನಗೆ ಕೇಳುವಂತೆ ಅಂದರು. ಪ್ರತಿ ಮುಂಜಾನೆ ಅಟ್ಟ ಹತ್ತುವಾಗ ನಾನು ಮೊದಲು ಅವನ ಜಾಗ ನೋಡುತ್ತಿದ್ದೆ.

ಒಂದು ದಿನ ಅವನು ಬಂದು ಕುಳಿತಿದ್ದ. ಸ್ವಲ್ಪ ಇಳಿದುಹೋಗಿದ್ದ. ಬೋರ್ಡಿಗೆ ಹೊಸ ಕಾಗದ ಬಿಗಿಯುತ್ತಿದ್ದ. ಪಕ್ಕದ ಸಾಲಿನಲ್ಲಿ ನನ್ನ ಜಾಗದಲ್ಲಿ ಕುಳಿತು ಧೈರ್ಯ ಮಾಡಿ ಕೇಳಿದೆ. "ಮನ್ಯಾಗ ಏನಂದ್ರು?"

"ಇನ್ನ ಮ್ಯಾಲ ಬಾವಿ ಚಿತ್ರಾ ತಗೀಬ್ಯಾಡ ಅಂದ್ರು."

"ಮತ್ತ ಏನ ತಗೀತೀರಿ?"

"ನಮ್ಮ ಹೊಲದ್ದು."

"ಹೊಲದಾಗ ದುಡಿಯವರನ್ನೂ ತಗೀರಿ ಹಂಗಾದ್ರ," ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೇ ಹೆದರಿಕೆಯಾಯಿತು.

ಅವನು ನಗಲಿಲ್ಲ. ಸಿಟ್ಟಿಗೂ ಏಳಲಿಲ್ಲ. ಪೆನ್ಸಿಲ್ಲಿನ ತುದಿ ನೋಡುತ್ತ, "ನಿಮ್ಮ ಓಣ್ಯಾವ್ರ ಭಾಳ ಮಂದಿ ಬರತಾರ ನಮ್ಮ ಹೊಲಕ್ಕ. ನೀವು ನೋಡಿ ಹೇಳ್ರಿ, ಚಿತ್ರದಾಗ ಸರಿ ಬಂದಾರೋ ಇಲ್ಲೋ," ಎಂದ.